ಮಕ್ಕಳಿಗೆ ಲೆಕ್ಕ ಬರುವ ಬಗೆ

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ತಾಯಂದಿರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಡೇರಿ ಡೈರೆಕ್ಟರು ಮೈಕಿನ ಮುಂದೆ ಬಂದರೆ ಕೆಚ್ಚಲು ಬಾವು, ಹಸಿರು ಮೇವು, ಖನಿಜ ಮಿಶ್ರಣ, ಇಷ್ಟರಲ್ಲೇ ಮುಗಿಸುತ್ತಾರೆ ಅಂತ ನಿಮಗೆ ಗೊತ್ತು. ಇವತ್ತು ಅದಲ್ಲ. ಬೆಳಿಗ್ಗೆ ನಮ್ಮೂರಿಂದ ಹಾಲಿನ ಲಾರಿ ಹೋದ ಮೇಲೆ ಎರಡು ವ್ಯಾನು ಬರುತ್ತವೆ. ಮೂರು, ಮೂರೂವರೆ ವರ್ಷದ ಮಕ್ಕಳು ಕಣ್ಣುಜ್ಜಿಕೊಂಡು, ಟೈ ಕಟ್ಟಿಕೊಂಡು ಅದರಲ್ಲಿ ಪೇಟೆಗೆ ಹೋಗುತ್ತವೆ. ಯಾಕೆ ಕಳಿಸ್ತೀರಿ ಅಂತ ಕೇಳಿದರೆ ಒಂದೇ ಉತ್ತರ: "ಅಲ್ಲಿ ನೂರರವರೆಗೆ ಹೇಳಿಕೊಡ್ತಾರೆ, ಅಂಗನವಾಡೀಲಿ ಬರೀ ಆಟ." ನಾವೂ ಒಂದು ಕಾಲದಲ್ಲಿ ಇದೇ ಮಾತಾಡಿದವರು. ಅದಕ್ಕೇ ಇವತ್ತು ಈ ವಿಷಯ ಎತ್ತಿಕೊಂಡಿದ್ದೇವೆ.

ಲೆಕ್ಕದಲ್ಲಿ ನಾವೇನೂ ಪಂಡಿತರಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತಕ್ಕೆ ಸರಿಯಾಗಿ 35 ಬಂದು ದಡ ಸೇರಿದೆವು. ಈಗ ಹೇಳುವುದರಲ್ಲಿ ಅರ್ಧ ನಮ್ಮ ಮನೆಯಲ್ಲಿ ನಡೆದದ್ದು. ಇನ್ನರ್ಧ ನಮ್ಮೂರಿನ ನಿವೃತ್ತ ಮೇಷ್ಟ್ರು ಪುಸ್ತಕ, ಪೇಪರು ನೋಡಿ, ಸಂಜೆ ಡೇರಿ ಕಟ್ಟೆ ಮೇಲೆ ಕೂತು ನಮಗೆ ತಿಳಿಸಿಕೊಟ್ಟದ್ದು.

ನಮ್ಮ ಹಿರೀ ಮಗನನ್ನು ಮೂರೂವರೆ ವರ್ಷಕ್ಕೇ ಪೇಟೆಯ ಒಂದು ನರ್ಸರಿಗೆ ಹಾಕಿದೆವು. ಆರು ತಿಂಗಳಲ್ಲಿ ಅವನು ಇಂಗ್ಲಿಷಿನಲ್ಲಿ ಒಂದರಿಂದ ನೂರರವರೆಗೆ ಉಸಿರು ತಗೊಳ್ಳದೆ ಹೇಳುತ್ತಿದ್ದ. ನೆಂಟರು ಬಂದರೆ ಸಾಕು, ಹುಡುಗನನ್ನು ನಡುಮನೆಯಲ್ಲಿ ನಿಲ್ಲಿಸಿ ಹೇಳಿಸುವುದು. ಅವರು ಹತ್ತು ರೂಪಾಯಿ ಕೈಗೆ ಕೊಟ್ಟು ಕೆನ್ನೆ ಹಿಂಡುವುದು. ನಮ್ಮ ಎದೆ ಅಷ್ಟಗಲ ಆಗೋದು.

ಒಂದು ದಿನ ಮನೆಗೆ ಮುತ್ತೈದೆಯರು ಬಂದಿದ್ದರು. ನಮ್ಮವ್ವ "ತಾಂಬೂಲಕ್ಕೆ ಐದು ಎಲೆ ತತ್ತಾ ಮಗ" ಅಂದರು. ಹುಡುಗ ಓಡಿಹೋಗಿ ವೀಳ್ಯದೆಲೆ ಒಂದು ಹಿಡಿ ತಂದ. ಅವ್ವ ಎಣಿಸಿದರೆ ಒಂಬತ್ತು. "ಐದು ಕಣೋ" ಅಂದರು. ವಾಪಸು ಹೋಗಿ ಇನ್ನೊಂದು ಹಿಡಿ ತಂದ. ನೂರರವರೆಗೆ ಹೇಳೋ ಮಗನಿಗೆ ಐದು ಎಲೆ ತರಲು ಬರಲಿಲ್ಲ. ಬಂದವರ ಮುಂದೆ ನಮಗೆ ಅವಮಾನ ಆದಂಗಾಗಿ, ಹುಡುಗನಿಗೆ ಒಂದೇಟು ಹಾಕಿದೆವು. ಅವ್ವ ನಮ್ಮನ್ನೇ ಬೈದರು: "ಅವನಿಗೆ ಹಾಡು ಕಲಿಸವ್ರೆ, ಎಣಿಸೋದು ಯಾರು ಕಲಿಸಿದ್ರು?"

ಓದು ಬರಹ ಇಲ್ಲದ ನಮ್ಮವ್ವ ಆಡಿದ ಈ ಮಾತನ್ನೇ ದೊಡ್ಡ ದೊಡ್ಡ ವಿದ್ವಾಂಸರು ಪುಸ್ತಕದಲ್ಲಿ ಬರೆದಿದ್ದಾರೆ ಅಂತ ನಮಗೆ ಬಹಳ ವರ್ಷ ಆದ ಮೇಲೆ ಮೇಷ್ಟ್ರಿಂದ ಗೊತ್ತಾಯಿತು. ಅಮೆರಿಕದ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಇಬ್ಬರು 1978ರಲ್ಲಿ, ಮಗು ಎಣಿಸುವುದರಲ್ಲಿ ಏನೇನು ಅಡಗಿದೆ ಅಂತ ಬಿಡಿಸಿ ತೋರಿಸಿದರು. ಒಂದು ವಸ್ತುವಿಗೆ ಒಂದೇ ಹೆಸರು ಹೇಳಬೇಕು, ಒಂದನ್ನು ಬಿಡಬಾರದು, ಎರಡು ಸಲ ಮುಟ್ಟಬಾರದು. ಹೆಸರುಗಳು ಯಾವಾಗಲೂ ಒಂದೇ ಕ್ರಮದಲ್ಲಿ ಬರಬೇಕು. ಕೊನೆಗೆ ಹೇಳಿದ ಹೆಸರೇ ಒಟ್ಟು ಎಷ್ಟು ಅನ್ನುವುದಕ್ಕೆ ಉತ್ತರ. ಎಡಗಡೆಯಿಂದ ಎಣಿಸಿದರೂ ಬಲಗಡೆಯಿಂದ ಎಣಿಸಿದರೂ ಅಷ್ಟೇ. ಎಲೆಯಾಗಲಿ, ಕರುವಾಗಲಿ, ಚಪ್ಪಾಳೆಯಾಗಲಿ ಎಣಿಸಬಹುದು. ನಮಗೆ ಇದು ಉಸಿರಾಡಿದಷ್ಟು ಸುಲಭ. ಮಗುವಿಗೆ ಇದೊಂದೊಂದೂ ಒಂದು ಬೆಟ್ಟ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಎರಡೂವರೆ ವರ್ಷದ ಮಗುವಿನ ಮುಂದೆ ಒಂದು ತಟ್ಟೆ ಅವರೆಕಾಯಿ ಇಟ್ಟು "ಒಂದು ಕೊಡು" ಅನ್ನಿ. ಕೊಡುತ್ತೆ. "ಎರಡು ಕೊಡು" ಅಂದರೆ ಹಿಡಿ ತುಂಬ ಕೊಡುತ್ತೆ. ಅದಕ್ಕೆ ಒಂದು ಮಾತ್ರ ತಿಳಿದಿದೆ, ಮಿಕ್ಕಿದ್ದೆಲ್ಲ ‘ಬಹಳ’. ಕೆಲವು ತಿಂಗಳು ಬಿಟ್ಟು ಎರಡು ತಿಳಿಯುತ್ತೆ. ಇನ್ನೂ ಕೆಲವು ತಿಂಗಳಿಗೆ ಮೂರು. ಹೀಗೆ ಮೂರೋ ನಾಲ್ಕೋ ಆದ ಮೇಲೆ ಒಂದು ದಿನ, ಬೀಗ ತೆಗೆದಂತೆ, ಐದು, ಆರು, ಏಳು ಎಲ್ಲವೂ ಒಟ್ಟಿಗೆ ಅರ್ಥವಾಗುತ್ತವೆ. ಸಾಮಾನ್ಯವಾಗಿ ಇದು ಮೂರೂವರೆ ನಾಲ್ಕು ವರ್ಷದ ಸುಮಾರಿಗೆ. ಕೆಲವು ಮಕ್ಕಳಿಗೆ ಮುಂಚೆ, ಕೆಲವಕ್ಕೆ ತಡ, ಅದರಲ್ಲಿ ಗಾಬರಿ ಪಡುವಂಥದ್ದು ಏನೂ ಇಲ್ಲ. ನಮ್ಮ ಮಗ ಎಲೆ ತಂದ ದಿನ ಆ ದಾರಿಯ ನಡುವೆ ಇದ್ದ. ನಾವು ಹೊಡೆದದ್ದು ಆ ಹೊತ್ತಿನಲ್ಲಿ.

ಹಾಗಂತ ಮಕ್ಕಳು ಖಾಲಿ ಕೊಡ ಅಂತ ತಿಳಿಯಬೇಡಿ. 1992ರಲ್ಲಿ ಕ್ಯಾರೆನ್ ವಿನ್ ಅನ್ನುವ ಒಬ್ಬರು ಐದು ತಿಂಗಳ ಕೂಸುಗಳ ಮುಂದೆ ಒಂದು ಗೊಂಬೆ ಇಟ್ಟು, ಪರದೆ ಮುಚ್ಚಿ, ಕೂಸು ನೋಡುತ್ತಿರುವಾಗಲೇ ಇನ್ನೊಂದು ಗೊಂಬೆಯನ್ನು ಪರದೆ ಹಿಂದಕ್ಕೆ ಇಟ್ಟರು. ಪರದೆ ತೆಗೆದಾಗ ಎರಡಿದ್ದರೆ ಕೂಸು ಸುಮ್ಮನೆ ನೋಡಿ ಮುಖ ತಿರುಗಿಸಿತು. ಕಳ್ಳತನದಿಂದ ಒಂದನ್ನು ತೆಗೆದಿದ್ದರೆ, ಬಹಳ ಹೊತ್ತು ಕಣ್ಣು ಬಿಟ್ಟುಕೊಂಡು ನೋಡಿತು. ಮೊಲೆ ಕುಡಿಯುವ ಮಗುವಿಗೂ ಒಂದಕ್ಕೊಂದು ಸೇರಿದರೆ ಒಂದೇ ಆಗಲ್ಲ ಅನ್ನುವ ಅಂದಾಜು ಇದೆ ಅಂತಾಯಿತು.

ಇನ್ನು ನಮ್ಮ ಡೇರಿಗೆ ಸಂಬಂಧಪಟ್ಟದ್ದೇ ಒಂದು ಹೇಳುತ್ತೇವೆ. ಸ್ವಿಟ್ಜರ್ಲೆಂಡಿನಲ್ಲಿ ಜೀನ್ ಪಿಯಾಜೆ ಎಂಬ ವಿದ್ವಾಂಸರಿದ್ದರು, 1980ರಲ್ಲಿ ತೀರಿಕೊಂಡರು. ಮಕ್ಕಳ ಬುದ್ಧಿ ಬೆಳೆಯುವುದನ್ನು ಜೀವಮಾನವಿಡೀ ನೋಡಿದವರು. ಅವರ ಪರೀಕ್ಷೆಯನ್ನು ನೀವು ಹಾಲಿನಲ್ಲೇ ಮಾಡಿ. ಒಂದೇ ಥರದ ಎರಡು ಲೋಟಕ್ಕೆ ಸಮವಾಗಿ ಹಾಲು ಹಾಕಿ ನಾಲ್ಕೂವರೆ ವರ್ಷದ ಮಗುವಿಗೆ ತೋರಿಸಿ. ಸಮ ಅನ್ನುತ್ತೆ. ಅದರ ಕಣ್ಣೆದುರೇ ಒಂದು ಲೋಟದ ಹಾಲನ್ನು ಉದ್ದನೆಯ ಸಣ್ಣ ಲೋಟಕ್ಕೆ ಬಗ್ಗಿಸಿ. ಈಗ ಯಾವುದರಲ್ಲಿ ಜಾಸ್ತಿ ಅಂದರೆ, ಉದ್ದದ್ದರಲ್ಲಿ ಅನ್ನುತ್ತೆ. ಎಷ್ಟು ತಿಳಿಹೇಳಿದರೂ ಒಪ್ಪಲ್ಲ. ಆರೇಳು ವರ್ಷ ಆದ ಮೇಲೆ ಅದೇ ಮಗು "ಅಷ್ಟೇ ಅಲ್ವಾ, ನೀನು ಬಗ್ಗಿಸಿದೆ ಅಷ್ಟೇ" ಅಂತ ನಗುತ್ತೆ. (ನಮ್ಮ ಸದಸ್ಯರಲ್ಲೇ ಕೆಲವರು ನೊರೆ ನೋಡಿ ಹಾಲು ಜಾಸ್ತಿ ಇತ್ತು ಅಂತ ಕಾರ್ಯದರ್ಶಿ ಮೇಲೆ ಜಗಳಕ್ಕೆ ನಿಲ್ಲುತ್ತಾರೆ. ಅವರ ವಯಸ್ಸು ಕೇಳಬೇಡಿ.) ಪಿಯಾಜೆಯವರ ಎಲ್ಲ ಮಾತೂ ಹಾಗೇ ಉಳಿದಿಲ್ಲ. ಕಾಳಿನ ಬದಲು ಮಿಠಾಯಿ ಇಟ್ಟು, ಇಷ್ಟ ಬಂದ ಸಾಲು ತಗೋ ಅಂತ ಬಿಟ್ಟರೆ, ಇನ್ನೂ ಸಣ್ಣ ಮಕ್ಕಳೂ ಹೆಚ್ಚಿರುವ ಸಾಲನ್ನೇ ಸರಿಯಾಗಿ ಆರಿಸುತ್ತವೆ ಅಂತ 1967ರಲ್ಲಿ ಬೇರೆಯವರು ತೋರಿಸಿದರು. ಪ್ರಶ್ನೆ ಕೇಳುವ ರೀತಿಯಲ್ಲೂ ಇದೆ ಅಂತ ಆಯಿತು. ಮಗುವಿಗೆ ಬರಲ್ಲ ಅನ್ನುವ ಮುಂಚೆ ನಾವು ಕೇಳಿದ್ದು ಹೇಗೆ ಅಂತ ನೋಡಿಕೊಳ್ಳಬೇಕು.

ಈಗ ಭಾಷೆ ವಿಷಯ. ಇಂಗ್ಲಿಷ್ ಬೇಡ ಅಂತ ನಾವು ಹೇಳುವುದಿಲ್ಲ, ಕಾಲ ಹಾಗಿದೆ. ಆದರೆ ನಮ್ಮ ಕನ್ನಡದ ಎಣಿಕೆಯನ್ನು ಒಮ್ಮೆ ಬಿಡಿಸಿ ನೋಡಿ. ಹನ್ನೊಂದು ಅಂದರೆ ಹತ್ತು, ಒಂದು. ಹದಿಮೂರು ಅಂದರೆ ಹತ್ತು, ಮೂರು. ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು, ಎಲ್ಲದರ ಬಾಲದಲ್ಲೂ ಹತ್ತು ಕೂತಿದೆ. ಇಪ್ಪತ್ತೊಂದು ಅಂತ ಬಾಯಲ್ಲಿ ಹೇಳಿದ ಹಾಗೇ ಕೈ ಬರೆಯುತ್ತೆ, ಮೊದಲು 2, ಆಮೇಲೆ 1. ಇಂಗ್ಲಿಷಿನ ಇಲೆವೆನ್, ಟ್ವೆಲ್ವ್ ಅನ್ನುವುದರಲ್ಲಿ ಹತ್ತು ಎಲ್ಲಿದೆ ಅಂತ ಮಗುವಿಗೆ ಕಾಣಿಸಲ್ಲ. ಥರ್ಟೀನ್ ಅಂದರೆ ಮೂರು ಮೊದಲು ಬರುತ್ತೆ, ಬರೆಯುವಾಗ ಒಂದು ಮೊದಲು. ಹಿಂದಿಯಲ್ಲಿ ಇಪ್ಪತ್ತೊಂಬತ್ತಕ್ಕೆ ಉನ್ತೀಸ್, ಅಂದರೆ ಮೂವತ್ತಕ್ಕೆ ಒಂದು ಕಮ್ಮಿ. ಚೀನಾದವರ ಭಾಷೆಯಲ್ಲೂ ಹನ್ನೊಂದಕ್ಕೆ ‘ಹತ್ತು ಒಂದು’ ಅಂತಲೇ ಅನ್ನುತ್ತಾರೆ. ಅಲ್ಲಿನ ಮಕ್ಕಳು ಹತ್ತರ ಮೇಲಿನ ಎಣಿಕೆಯಲ್ಲಿ ಅಮೆರಿಕದ ಮಕ್ಕಳಿಗಿಂತ ಕಡಿಮೆ ಎಡವುತ್ತಾರೆ ಅಂತ ಹೋಲಿಸಿ ನೋಡಿದವರು ಬರೆದಿದ್ದಾರೆ. ನಮ್ಮ ಭಾಷೆಯೂ ಅಂಥದ್ದೇ ಒಂದು ಅನುಕೂಲ ಮಾಡಿಕೊಟ್ಟಿದೆ. ಹೊಯ್ಸಳರ ಕಾಲದಲ್ಲೇ, 12ನೇ ಶತಮಾನದಲ್ಲಿ, ರಾಜಾದಿತ್ಯ ಎಂಬುವರು ಕನ್ನಡದಲ್ಲಿ ‘ವ್ಯವಹಾರ ಗಣಿತ’ ಅಂತ ಗ್ರಂಥ ಬರೆದಿದ್ದಾರೆ. ಲೆಕ್ಕ ಕನ್ನಡಕ್ಕೆ ಹೊಸದಲ್ಲ. ಮೊದಲು ಮನೆ ಮಾತಿನಲ್ಲಿ ಐದು ಅಂದರೆ ಐದು ಅಂತ ಗಟ್ಟಿಯಾಗಲಿ, ಫೈವ್ ಅನ್ನುವ ಹೆಸರು ಅದರ ಮೇಲೆ ಕೂರುವುದು ತಡವೇನಲ್ಲ.

ಇದಕ್ಕೆ ದುಡ್ಡು ಕೊಟ್ಟು ಏನೂ ತರಬೇಕಾಗಿಲ್ಲ. ನಮ್ಮ ಎರಡನೇ ಮಗಳು ಆ ವಯಸ್ಸಿಗೆ ಬಂದ ವರ್ಷ ಬೋರ್‌ವೆಲ್ ನಿಂತುಹೋಗಿತ್ತು, ಫೀಜು ಕಟ್ಟಲು ಕೈಯಲ್ಲಿ ಕಾಸಿರಲಿಲ್ಲ. ಹುಡುಗಿ ಅಂಗನವಾಡಿಯಲ್ಲೂ ಅವ್ವನ ಸೆರಗಿನಲ್ಲೂ ಬೆಳೆದಳು. ಅವ್ವ ಹೂ ಕಟ್ಟುವಾಗ "ಎರಡು ಕನಕಾಂಬರ ಕೊಡು, ಒಂದು ಮರುಗ ಕೊಡು" ಅನ್ನೋರು. ನಾಲ್ಕು ದಿನಕ್ಕೆ ಹುಡುಗಿ ಕೇಳುವ ಮುಂಚೆಯೇ ಎರಡು, ಒಂದು, ಎರಡು, ಒಂದು ಅಂತ ಜೋಡಿಸಿ ಕೊಡುತ್ತಿದ್ದಳು. ಮುಂದೆ ಏನು ಬರುತ್ತೆ ಅಂತ ಊಹಿಸುವುದು ಗಣಿತದ ಬುಡ ಅಂತಾರೆ ಮೇಷ್ಟ್ರು. ಕಟ್ಟಿದ ಹೂವನ್ನು ಅವ್ವ ಮೊಳ ಹಾಕಿದರೆ ಮೂರು, ಹುಡುಗಿ ಹಾಕಿದರೆ ಐದು. "ಅಜ್ಜಿ, ನಿನ್ನ ಕೈಯಲ್ಲಿ ಹೂ ಯಾಕೆ ಕಮ್ಮಿ ಆಗುತ್ತೆ?" ಅಂತ ಕೇಳಿ ಮನೆಯವರನ್ನೆಲ್ಲ ನಗಿಸಿದ್ದಳು. ಅಳತೆಗೋಲು ದೊಡ್ಡದಾದರೆ ಎಣಿಕೆ ಕಮ್ಮಿ ಆಗುತ್ತೆ ಅನ್ನುವ ಪಾಠಕ್ಕೆ ಅದಕ್ಕಿಂತ ಒಳ್ಳೆ ಪ್ರಶ್ನೆ ಬೇಕಾ?

ಐದು ಕಲ್ಲಿನ ಆಟ ನೋಡಿ. ಒಂದು ಕಲ್ಲು ಮೇಲಕ್ಕೆ ಎಸೆದು, ನೆಲದ ನಾಲ್ಕನ್ನು ಮೊದಲ ಸುತ್ತಿನಲ್ಲಿ ಒಂದೊಂದಾಗಿ, ಎರಡನೇ ಸುತ್ತಿಗೆ ಎರಡೆರಡಾಗಿ, ಮೂರನೇದಕ್ಕೆ ಮೂರು ಮತ್ತು ಒಂದು, ಕೊನೆಗೆ ನಾಲ್ಕೂ ಒಟ್ಟಿಗೆ. ನಾಲ್ಕನ್ನು ಬೇರೆ ಬೇರೆ ಥರ ಒಡೆಯುವುದನ್ನು ಬೆರಳೇ ಕಲಿತುಬಿಡುತ್ತೆ. ಚೌಕಾಬಾರದಲ್ಲಿ ನಾಲ್ಕು ಕವಡೆ, ಎಷ್ಟು ಅಂಗಾತ ಬಿದ್ದರೆ ಅಷ್ಟು ಮನೆ. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಎಣಿಸದೆ ಒಂದೇ ನೋಟಕ್ಕೆ ಮೂರು ಅಂತ ಹೇಳುವ ಅಭ್ಯಾಸ ಅಲ್ಲಿ ಆಗುತ್ತೆ. ಅಮೆರಿಕದಲ್ಲಿ ಬಡವರ ಮಕ್ಕಳಿಗೆ ಒಂದರಿಂದ ಹತ್ತರವರೆಗೆ ಮನೆ ಬರೆದ ಒಂದು ಪಟ್ಟಿ ಕೊಟ್ಟು, ಎರಡು ವಾರದಲ್ಲಿ ನಾಲ್ಕು ಸಲ, ಸಲಕ್ಕೆ ಕಾಲುಗಂಟೆಯಂತೆ ಆಡಿಸಿದರು. ಅಷ್ಟಕ್ಕೇ ಆ ಮಕ್ಕಳು ಯಾವ ಸಂಖ್ಯೆ ದೊಡ್ಡದು, ಯಾವುದು ಎಲ್ಲಿ ಬರುತ್ತೆ ಅಂತ ಹೇಳುವುದರಲ್ಲಿ ಮುಂದೆ ಬಂದರು. ಸಂಖ್ಯೆ ಇಲ್ಲದೆ ಬಣ್ಣದ ಮನೆಯಲ್ಲಿ ಆಡಿದವರಿಗೆ ಹಾಗಾಗಲಿಲ್ಲ. 2008ರಲ್ಲಿ ಪ್ರಕಟವಾದ ವಿಷಯ ಇದು. ನಮ್ಮ ಜಗಲಿ ಕಲ್ಲಿನ ಮೇಲೆ ತಲೆತಲಾಂತರದಿಂದ ಕೊರೆದಿರುವ ಮನೆಗಳಿಗೆ ನಾವು ಈಗ ಸಿಮೆಂಟು ಬಳಿದು ಮುಚ್ಚಿದ್ದೇವೆ.

ಅಳಗುಳಿ ಮಣೆ, ರಂಗೋಲಿ ಚುಕ್ಕಿ ವಿಷಯ ನಿಮಗೆ ನಾವು ಹೇಳುವುದೇ? ಒಂದು ಎಚ್ಚರಿಕೆ ಮಾತ್ರ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಹುಣಸೆಬೀಜ, ಗುಲಗಂಜಿ, ಕವಡೆ ಕೊಟ್ಟು ಆ ಕಡೆ ಹೋಗಬೇಡಿ. ಮೂಗಿಗೋ ಬಾಯಿಗೋ ಹಾಕಿಕೊಳ್ಳುತ್ತವೆ. ಅದಕ್ಕೆ ಚಮಚ, ಲೋಟ, ಜೋಳದ ದಂಟಿನ ತುಂಡು ಸಾಕು.

ಇನ್ನು ಮಾತು. ಆಟಕ್ಕಿಂತಲೂ ಅಗ್ಗದ್ದು ಅದು. ಮಗು ಇನ್ನೂ ತೊದಲುವ ವಯಸ್ಸಿನಲ್ಲಿ ತಂದೆತಾಯಿ ಅದರ ಜೊತೆ ಎಷ್ಟು ಸಲ ಸಂಖ್ಯೆ ಸೇರಿಸಿ ಮಾತಾಡುತ್ತಾರೋ, ನಾಲ್ಕು ವರ್ಷದ ಹೊತ್ತಿಗೆ ಅಷ್ಟು ಚೆನ್ನಾಗಿ ಅದಕ್ಕೆ ಸಂಖ್ಯೆ ಅರ್ಥವಾಗಿರುತ್ತೆ ಅಂತ ಅಮೆರಿಕದವರು ಮನೆ ಮನೆಗೆ ಹೋಗಿ ಮಾತನ್ನು ದಾಖಲು ಮಾಡಿ ಕಂಡುಕೊಂಡರು. ಅದಕ್ಕೆ ಪಾಠ ಅಂತ ಕೂರಬೇಕಿಲ್ಲ. "ಎರಡು ಕರು ನೀರು ಕುಡಿದವು, ಇನ್ನೊಂದು ಎಲ್ಲಿ?" "ಅಪ್ಪನಿಗೆ ಎರಡು ಮುದ್ದೆ, ನಿನಗೆ ಅರ್ಧ." "ಇವತ್ತು ಕ್ಯಾನು ನಿನ್ನೆಗಿಂತ ಹಗುರ, ಯಾಕೆ ಹೇಳು?" ಇಷ್ಟೇ. ಊಟ ಮಾಡಿಸುವಾಗ ಮೊಬೈಲ್ ಕೈಗೆ ಕೊಟ್ಟರೆ ಅದೂ ಒನ್ ಟೂ ಹಾಡುತ್ತೆ, ನಿಜ. ಆದರೆ "ಒಂದು ಕಮ್ಮಿ ಐತೆ ಕಣಜ್ಜಿ" ಅಂತ ಮಗು ಹೇಳಿದರೆ ಅದು ತಿರುಗಿ ಮಾತಾಡಲ್ಲ.

ಬೆರಳು ಮಡಚಿ ಎಣಿಸಿದರೆ ಬಯ್ಯಬೇಡಿ. ನಮ್ಮ ಹಿರಿಯರು ಹೆಬ್ಬೆರಳಿಂದ ಗೆರೆ ಗೆರೆ ಮುಟ್ಟಿ, ಒಂದು ಕೈಯ ನಾಲ್ಕು ಬೆರಳಲ್ಲಿ ಹನ್ನೆರಡು ಎಣಿಸಿ ವ್ಯಾಪಾರ ಮಾಡಿದವರು. ಮೂರೂವರೆ ವರ್ಷಕ್ಕೆ ಪೆನ್ಸಿಲ್ ಹಿಡಿಸಿ ಚೌಕುಳಿ ಪುಸ್ತಕ ತುಂಬಿಸುವುದು ಮಾತ್ರ ಬೇಡ. ಆ ಎಳೇ ಬೆರಳಿಗೆ ಶಕ್ತಿ ಬಂದಿರಲ್ಲ. ನಮ್ಮ ಮಗ ರಾತ್ರಿ ಒಂಬತ್ತರವರೆಗೆ ಅಳುತ್ತಾ ಬರೆಯುತ್ತಿದ್ದ. 6 ಮತ್ತು 9 ತಿರುವುಮುರುವಾದರೆ ನಾವು ಕೆರಳುತ್ತಿದ್ದೆವು. ಆ ವಯಸ್ಸಿಗೆ ಅದು ಸಹಜ ಅಂತ ನಮಗೆ ಹೇಳುವವರಿರಲಿಲ್ಲ, ಹೇಳಿದ್ದರೂ ಕೇಳುತ್ತಿರಲಿಲ್ಲವೇನೋ.

ಆ ಹುಡುಗ ಮುಂದೆ ಏನಾದ ಅಂತ ಕೇಳುತ್ತೀರಿ. ಲೆಕ್ಕದ ಪಿರಿಯಡ್ ಅಂದರೆ ಹೊಟ್ಟೆನೋವು. ಎಸ್.ಎಸ್.ಎಲ್.ಸಿ. ಗಣಿತ ಎರಡು ಸಲ ಹೋಯಿತು, ಮೂರನೇ ಸಲಕ್ಕೆ ಆಯಿತು. ಈಗ ಐ.ಟಿ.ಐ. ಮುಗಿಸಿ ನಮ್ಮ ಜೊತೆ ತರಕಾರಿ ಬೆಳೀತಾನೆ. ಸಂತೆಯಲ್ಲಿ ಅವನ ಪಕ್ಕ ನಿಂತು ನೋಡಬೇಕು. ಬೀನ್ಸು ಕೆ.ಜಿ.ಗೆ 36, ಎರಡೂಕಾಲು ಕೆ.ಜಿ. ಅಂದರೆ ತಕ್ಕಡಿ ಇಳಿಸುವ ಮುಂಚೆ 81 ಅಂತಾನೆ. ಎರಡು ಕೆ.ಜಿ.ಗೆ 72, ಕಾಲಿಗೆ 9. ಅದನ್ನೇ ಹಾಳೆ ಮೇಲೆ ಗುಣಾಕಾರ ಅಂತ ಬರೆದುಕೊಟ್ಟರೆ ಮುಖ ಬಿಳಿಚಿಕೊಳ್ಳುತ್ತೆ.

ಇದು ನಮ್ಮ ಮನೆಯದು ಮಾತ್ರ ಅಂದುಕೊಂಡಿದ್ದೆವು. ಅಲ್ಲವಂತೆ. ಬ್ರೆಜಿಲ್ ದೇಶದ ರೆಸೀಫೆ ಎಂಬ ಊರಿನಲ್ಲಿ ಬೀದಿ ವ್ಯಾಪಾರ ಮಾಡುವ ಐದು ಮಕ್ಕಳನ್ನು ಪರೀಕ್ಷೆ ಮಾಡಿ 1985ರಲ್ಲಿ ಬರೆದಿದ್ದಾರೆ. ಒಬ್ಬ ಹುಡುಗನನ್ನು, ತೆಂಗಿನಕಾಯಿ ಒಂದಕ್ಕೆ 35, ಹತ್ತಕ್ಕೆ ಎಷ್ಟು ಅಂತ ಕೇಳಿದರೆ, ಮೂರಕ್ಕೆ 105, ಇನ್ನು ಮೂರಕ್ಕೆ 210, ಹೀಗೆ ಕೂಡುತ್ತಾ ಹೋಗಿ 350 ಅಂದ. ಮುಂದೆ ಸೊನ್ನೆ ಹಾಕುವ ಶಾಲೆಯ ದಾರಿ ಅವನಿಗೆ ಹೊಳೆಯಲಿಲ್ಲ, ಆದರೂ ಉತ್ತರ ಸರಿ. ಆ ಮಕ್ಕಳು ವ್ಯಾಪಾರದಲ್ಲಿ ನೂರಕ್ಕೆ 98 ಲೆಕ್ಕ ಸರಿ ಮಾಡಿದರು. ಅದೇ ಥರದ ಲೆಕ್ಕವನ್ನು ಬರೀ ಅಂಕಿಯಾಗಿ ಹಾಳೆ ಮೇಲೆ ಕೊಟ್ಟಾಗ ನೂರಕ್ಕೆ 37. ನಮ್ಮ ದೇಶದಲ್ಲೇ ಕೋಲ್ಕತ್ತಾ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿ, 2025ರಲ್ಲಿ ವರದಿ ಬಂತು. ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಅದರಲ್ಲಿದ್ದರು. ಅಂಗಡಿ ಲೆಕ್ಕ ಬಾಯಲ್ಲೇ ಮಾಡುವ ಮಕ್ಕಳಿಗೆ ಪುಸ್ತಕದ ಲೆಕ್ಕ ಬರಲ್ಲ. ಅಷ್ಟೇ ಅಲ್ಲ, ಪುಸ್ತಕದ ಲೆಕ್ಕ ಮಾಡುವ ಶಾಲೆ ಮಕ್ಕಳಿಗೆ ಅಂಗಡಿ ಲೆಕ್ಕ ಬರಲ್ಲ. ಎರಡು ಕೆರೆಯಲ್ಲೂ ನೀರಿದೆ, ನಡುವೆ ಕಾಲುವೆ ಇಲ್ಲ. ಆದ್ದರಿಂದ ಮನೆ ಲೆಕ್ಕ ಒಂದೇ ಸಾಕು ಅಂತಲೂ ನಾವು ಹೇಳುತ್ತಿಲ್ಲ. ಐದು ಎಲೆ ಎಣಿಸಿದ ಮಗುವಿಗೆ, ಅದನ್ನು ಹೀಗೆ 5 ಅಂತ ಬರೀತಾರೆ ಕಣಪ್ಪ ಅಂತ ತೋರಿಸುವವರು ಬೇಕು. ಶಾಲೆಯಲ್ಲಿ 5 ಬರೆದು ಬಂದ ಮಗುವಿಗೆ ಐದು ಎಲೆ ತರಲು ಹೇಳುವವರೂ ಬೇಕು. ಮೊದಲನೆಯವರು ಟೀಚರು, ಎರಡನೆಯವರು ನಾವು.

ಅಂಗನವಾಡಿ ಅಂದರೆ ಬರೀ ಉಪ್ಪಿಟ್ಟು, ಮೊಟ್ಟೆ ಅಂತ ಹಗುರವಾಗಿ ಮಾತಾಡುವುದು ನಮ್ಮಲ್ಲಿದೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಮೊದಲ ಸಲ 33 ಕಡೆ ಈ ಯೋಜನೆ ಶುರುವಾದಾಗ, ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ಅದರಲ್ಲಿ ಒಂದು. ಶಾಲೆಗೆ ಮುಂಚಿನ ಶಿಕ್ಷಣವೂ ಮೊದಲಿನಿಂದ ಅದರಲ್ಲಿ ಸೇರಿದೆ. ಟೀಚರಮ್ಮನವರು ಮಕ್ಕಳನ್ನು ಉದ್ದ, ಗಿಡ್ಡ ಅಂತ ಸಾಲು ನಿಲ್ಲಿಸುವುದು, ಎಲೆ ಒಂದು ಕಡೆ ಕಲ್ಲು ಒಂದು ಕಡೆ ಬೇರ್ಪಡಿಸಿಸುವುದು, ತಟ್ಟೆಗೊಂದು ಲೋಟ ಇಡಿಸುವುದು, ನೀವು ‘ಬರೀ ಆಟ’ ಅನ್ನುವುದು ಇದಕ್ಕೇ. ಆದರೆ ಒಬ್ಬರೇ ಟೀಚರು, ಮಕ್ಕಳ ತೂಕ ಹಾಕಬೇಕು, ರಿಜಿಸ್ಟರ್ ಬರೆಯಬೇಕು, ಮೊಬೈಲಿನಲ್ಲಿ ಫೋಟೊ ಕಳಿಸಬೇಕು, ಬಸುರಿ ಬಾಣಂತಿಯರ ಮನೆಗೂ ಹೋಗಬೇಕು. ಸಾಮಾನು ಸಾಲದು. ಅದನ್ನು ನಾವು ಕೊಡಬಹುದು.

ಆಡಳಿತ ಮಂಡಳಿ ಮುಂದೆ ನಾವೊಂದು ಮಾತು ಇಟ್ಟಿದ್ದೇವೆ. ಬೆಳ್ಳಿಹಬ್ಬಕ್ಕೆ ಸದಸ್ಯರಿಗೆಲ್ಲ ಸ್ಟೀಲ್ ಬಕೆಟ್ ಕೊಡುವ ತೀರ್ಮಾನ ಆಗಿದೆ, ಅದು ಆಗಲಿ. ಜೊತೆಗೆ ಅಂಗನವಾಡಿಗೆ ಒಂದು ಮರದ ಪೆಟ್ಟಿಗೆ ಮಾಡಿಸಿ, ಹಳೇ ಅಳತೆಗಳನ್ನು ಅದರಲ್ಲಿ ತುಂಬಿಸಿ ಕೊಡೋಣ. ಎರಡು ಚಟಾಕಿಗೆ ಅರೆಪಾವು, ಎರಡು ಅರೆಪಾವಿಗೆ ಪಾವು, ಎರಡು ಪಾವಿಗೆ ಅಚ್ಚೇರು, ಎರಡು ಅಚ್ಚೇರಿಗೆ ಸೇರು. ಮರಳು ಕೊಟ್ಟು ಕೂರಿಸಿದರೆ ಮಕ್ಕಳು ತಾವೇ ಸುರಿದು ಸುರಿದು ಕಂಡುಕೊಳ್ಳುತ್ತವೆ. ಅರ್ಧ, ಕಾಲು ಅನ್ನುವುದನ್ನು ನಾವು ಏಳನೇ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ನೋಡಿ ಹೆದರಿದ್ದು, ಆ ಮಕ್ಕಳಿಗೆ ಐದು ವರ್ಷಕ್ಕೇ ಕೈಯಲ್ಲಿ ಇರುತ್ತೆ. ಲೀಟರು ಬಂದ ಮೇಲೆ ಇವೆಲ್ಲ ನಿಮ್ಮ ಅಟ್ಟ ಸೇರಿವೆ. ಗುಜರಿಯವನಿಗೆ ಹಾಕುವ ಮುಂಚೆ ನಮ್ಮನ್ನು ನೆನೆಸಿಕೊಳ್ಳಿ.

ನಮ್ಮವ್ವನ ಸೇರು, ಅಚ್ಚೇರು, ಪಾವು ಈಗಾಗಲೇ ಡೇರಿ ಆಫೀಸಿನಲ್ಲಿ ಇಟ್ಟಿದ್ದೇವೆ. ಅರೆಪಾವನ್ನು ಅಧ್ಯಕ್ಷರ ಮನೆಯವರು ಕೊಡುತ್ತೇನೆಂದಿದ್ದಾರೆ. ಚಟಾಕು ಎಲ್ಲೂ ಸಿಕ್ಕಿಲ್ಲ. ಯಾರ ಮನೆಯಲ್ಲಾದರೂ ಇದ್ದರೆ, ತೂತು ಬಿದ್ದಿದ್ದರೂ ಚಿಂತೆಯಿಲ್ಲ ಬೆಸುಗೆ ಹಾಕಿಸುತ್ತೇವೆ, ಸಂಜೆ ಹಾಲು ಹಾಕಲು ಬರುವಾಗ ಕಾರ್ಯದರ್ಶಿಗಳ ಕೈಗೆ ಕೊಡಿ.